ಟಿವಿಯಲ್ಲಿ ಫುಟ್‌ಬಾಲ್ ಕಾಮೆಂಟರಿ ಹೇಳುವವರು ನಿಜವಾಗಿ ಮೈದಾನದಲ್ಲೇ ಇರುತ್ತಾರಾ? ಸ್ಟುಡಿಯೋದಲ್ಲಿ ಕೂತು ಹೇಳಿದರೆ ಅದು ನೋಡುಗರಿಗೆ ಮೋಸ ಅಲ್ವಾ?

ಎಷ್ಟೋ ಪಂದ್ಯಗಳಲ್ಲಿ ಇರುವುದಿಲ್ಲ. ನಾನು ಕೆಲವು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಇಲ್ಲಿಯವರೆಗೆ ಹೇಳಿದ ಪಂದ್ಯಗಳಲ್ಲಿ ಮುಕ್ಕಾಲು ಪಾಲು ಸ್ಟುಡಿಯೋದಿಂದಲೇ. ಇದಕ್ಕೆ ನಮ್ಮಲ್ಲಿ ‘ಆಫ್ ಟ್ಯೂಬ್’ ಅನ್ನುತ್ತಾರೆ. ಮಾನಿಟರ್ ನೋಡಿಕೊಂಡು ಕಾಮೆಂಟರಿ ಹೇಳುವುದು, ಅಷ್ಟೇ.

ಮೋಸವಾ ಅಂತ ಕೇಳಿದ್ದೀರಿ. ಮೈದಾನದಲ್ಲಿ ಇದ್ದೇವೆ ಅಂತ ನಂಬಿಸಿದರೆ ಖಂಡಿತ ಮೋಸ. ‘ಇಲ್ಲಿ ಚಳಿ ಜಾಸ್ತಿ ಇದೆ’ ಅಂತ ಎಸಿ ರೂಮಿನಲ್ಲಿ ಕೂತು ಹೇಳುವುದನ್ನು ನಾನು ಒಪ್ಪುವುದಿಲ್ಲ. ಸ್ಟುಡಿಯೋದಿಂದ ಹೇಳುತ್ತಿದ್ದೇವೆ ಅಂತ ಶುರುವಿನಲ್ಲೇ ತಿಳಿಸಿದರೆ ಮೋಸ ಏನೂ ಇಲ್ಲ. ಆದರೆ ನಷ್ಟ ಇದೆ. ಆ ನಷ್ಟ ಜನ ಅಂದುಕೊಂಡ ಕಡೆ ಇಲ್ಲ.

ಜನರ ಗದ್ದಲ ಎದುರಿಗೆ ಇಲ್ಲದಿದ್ದರೆ ಹುಮ್ಮಸ್ಸು ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದು ಸ್ವಲ್ಪ ನಿಜ. ಆದರೆ ಮೈದಾನದ ಸದ್ದು ಹೆಡ್‌ಫೋನಿನಲ್ಲಿ ಪೂರ್ತಿ ಬರುತ್ತದೆ. ನಾನು ನಿಂತುಕೊಂಡೇ ಹೇಳುತ್ತೇನೆ, ದನಿ ತಾನಾಗಿ ಏರುತ್ತದೆ. ನಿಜವಾದ ನಷ್ಟ ಕಣ್ಣಿನದು. ಮೈದಾನದಲ್ಲಿ ಕೂತರೆ ಎಲ್ಲಿ ನೋಡಬೇಕು ಅಂತ ನಾನೇ ತೀರ್ಮಾನಿಸುತ್ತೇನೆ. ಸ್ಟುಡಿಯೋದಲ್ಲಿ ಅದನ್ನು ಯಾವ ಕ್ಯಾಮೆರಾದ ಚಿತ್ರ ತೋರಿಸಬೇಕು ಅಂತ ಆರಿಸುವ ಡೈರೆಕ್ಟರ್ ತೀರ್ಮಾನಿಸುತ್ತಾರೆ. ಅಂತರರಾಷ್ಟ್ರೀಯ ಪಂದ್ಯದ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಮುಖ್ಯ ಕ್ಯಾಮೆರಾ ಒಂದು ಸಲಕ್ಕೆ ಅದರಲ್ಲಿ ಅರ್ಧ ತೋರಿಸಿದರೆ ಹೆಚ್ಚು. ಉಳಿದ ಅರ್ಧದಲ್ಲಿ ಒಬ್ಬ ಡಿಫೆಂಡರ್ ತೊಡೆ ಹಿಡಿದುಕೊಂಡು ಕುಂಟುತ್ತಿರಬಹುದು. ಬೆಂಚಿನಿಂದ ಒಬ್ಬ ಎದ್ದು ಮೈ ಬಿಸಿ ಮಾಡಿಕೊಳ್ಳುತ್ತಿರಬಹುದು. ಕೋಚ್ ಕೈಸನ್ನೆ ಮಾಡಿ ಇಡೀ ತಂಡದ ಜೋಡಣೆಯನ್ನೇ ಬದಲಿಸಿರಬಹುದು. ನಿಮಗೆ ಎಷ್ಟು ಕಾಣಿಸುತ್ತದೋ ನನಗೂ ಅಷ್ಟೇ. ರೀಪ್ಲೇ ಓಡುತ್ತಿರುವಾಗ ಯಾರಾದರೂ ಫ್ರೀ ಕಿಕ್ ಬೇಗ ತೆಗೆದುಕೊಂಡುಬಿಟ್ಟರೆ, ನಿಮ್ಮ ಜೊತೆಗೇ ನಾನೂ ಬೆಚ್ಚಿಬೀಳುತ್ತೇನೆ. ದೊಡ್ಡ ಟೂರ್ನಿಗಳಲ್ಲಿ ಎತ್ತರದಿಂದ ಆಟಗಾರರನ್ನೆಲ್ಲ ಒಟ್ಟಿಗೆ ತೋರಿಸುವ ಟ್ಯಾಕ್ಟಿಕಲ್ ಕ್ಯಾಮೆರಾದ ಫೀಡ್ ಇನ್ನೊಂದು ಮಾನಿಟರಿಗೆ ಸಿಗುವುದುಂಟು. ಅದು ಸಿಕ್ಕ ದಿನ ಅರ್ಧ ಚಿಂತೆ ಕಳೆದ ಹಾಗೆ.

ಒಂದು ಪಂದ್ಯ ನಾನು ಮರೆಯುವುದಿಲ್ಲ. ಸ್ಕೋರ್ 1-1, ಇನ್ನು ಐದಾರು ನಿಮಿಷ ಬಾಕಿ. ಎಡಗಡೆಯಿಂದ ಕ್ರಾಸ್ ಬಂತು, ಸ್ಟ್ರೈಕರ್ ತಲೆ ಕೊಟ್ಟ, ಚೆಂಡು ಬಲೆಯೊಳಗೆ. ನಾನು ಗೋಲ್ ಅಂತ ಕೂಗಿ, ಅವನ ಹೆಸರು ಹೇಳಿ, 2-1 ಅಂತಲೂ ಹೇಳಿಬಿಟ್ಟೆ. ಆದರೆ ಕ್ಯಾಮೆರಾ ಇರುವ ಬದಿಯ ಲೈನ್ಸ್‌ಮನ್, ಅಂದರೆ ಗೆರೆಯ ಬಳಿಯ ಸಹಾಯಕ ರೆಫರಿ, ಈ ಗೋಲ್ ಲೆಕ್ಕಕ್ಕಿಲ್ಲ ಅಂತ ಬಾವುಟ ಎತ್ತಿ ನಿಂತಿದ್ದ. ಅವನು ಓಡಾಡುವ ಗೆರೆ ಎಷ್ಟೋ ಸಲ ಫ್ರೇಮಿನ ಕೆಳಗೆ ಹೋಗಿರುತ್ತದೆ. ಮೈದಾನದಲ್ಲಿದ್ದ ಯಾರಿಗೇ ಆದರೂ ಕಾಣುತ್ತಿದ್ದ ಬಾವುಟ ನನಗೆ ಕಾಣಲಿಲ್ಲ. ಆ ತಂಡದ ಅಭಿಮಾನಿಗಳಿಗೆ ನಾನು ಸುಮ್ನೆ ಇಲ್ಲದ ಸಂತೋಷ ಕೊಟ್ಟು ಕಿತ್ತುಕೊಂಡೆ. ಅದು ಇವತ್ತಿಗೂ ನೋವು.

ಆಮೇಲಿಂದ ನನ್ನ ಕ್ರಮ ಬದಲಾಯಿತು. ಚೆಂಡು ಬಲೆಗೆ ಬಿದ್ದರೆ ‘ಚೆಂಡು ಒಳಗೆ’ ಅಂತಷ್ಟೇ ಹೇಳಿ ಗೋಲ್‌ಕೀಪರ್ ಕಡೆ ನೋಡುತ್ತೇನೆ. ಅವನು ತಲೆ ತಗ್ಗಿಸಿದರೆ ಬಹುತೇಕ ಗೋಲ್. ಆರಾಮಾಗಿ ಚೆಂಡು ತಂದು ಫ್ರೀ ಕಿಕ್ಕಿಗೆ ಇಡುತ್ತಿದ್ದರೆ ಏನೋ ಇದೆ ಅಂತ ಅರ್ಥ. ಈ ಎರಡು ಸೆಕೆಂಡಿನ ತಡ ಕೆಲವರಿಗೆ ಉತ್ಸಾಹ ಕಡಿಮೆ ಅನ್ನಿಸಬಹುದು. ತಪ್ಪು ಹೇಳುವುದಕ್ಕಿಂತ ಅದೇ ವಾಸಿ.

ಹೊರಗಿನವರಿಗೆ ಗೊತ್ತಿಲ್ಲದ ಇನ್ನೊಂದು ಫಜೀತಿ ಇದೆ. ನಮ್ಮ ಮುಂದೆ ಅಂಕಿಅಂಶದ ಒಂದು ಸ್ಕ್ರೀನ್ ಇರುತ್ತದೆ. ಅದರ ಮಾಹಿತಿ ಮೈದಾನದಿಂದ ನೇರ ಬರುತ್ತದೆ. ಕೆಲವೊಮ್ಮೆ ಚಿತ್ರಕ್ಕಿಂತ ಮೊದಲೇ ಬಂದುಬಿಡುತ್ತದೆ. ಮಾನಿಟರಿನಲ್ಲಿ ಚೆಂಡು ಇನ್ನೂ ಮಿಡ್‌ಫೀಲ್ಡರ್ ಕಾಲಲ್ಲಿದೆ, ಪಕ್ಕದ ಸ್ಕ್ರೀನಿನಲ್ಲಿ ಆಗಲೇ ಗೋಲ್ ಬಿದ್ದಿದೆ! ಗೊತ್ತಾದ ಮೇಲೆ ಗೊತ್ತಿಲ್ಲದವನ ದನಿಯಲ್ಲಿ ಮಾತಾಡಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಆಟ ನಡೆಯುವಾಗ ಆ ಸ್ಕ್ರೀನಿನ ಮೇಲೆ ತಂಡದ ಪಟ್ಟಿ ಇರುವ ಕಾಗದ ಅಡ್ಡ ಇಟ್ಟುಕೊಳ್ಳುತ್ತೇನೆ. ಚೆಂಡು ಹೊರಗೆ ಹೋದಾಗ ಮಾತ್ರ ಎತ್ತಿ ನೋಡುತ್ತೇನೆ.

ಆಟಗಾರರನ್ನು ಗುರುತಿಸುವುದೂ ಕಷ್ಟವೇ. ದೂರದ ಶಾಟಿನಲ್ಲಿ ಬೆನ್ನಿನ ನಂಬರ್ ಕಾಣುವುದಿಲ್ಲ. ಶೂ ಬಣ್ಣ, ಕೂದಲು, ಮಣಿಕಟ್ಟಿಗೆ ಸುತ್ತಿದ ಬಿಳಿ ಟೇಪು, ಓಡುವ ರೀತಿ, ಇವೇ ಗತಿ. ವಾರ್ಮಪ್ ವೀಡಿಯೋ ಸಿಕ್ಕರೆ ಬಿಡದೆ ನೋಡಿ ಒಬ್ಬೊಬ್ಬರ ಹೆಸರಿನ ಮುಂದೆ ಶೂ ಬಣ್ಣ ಬರೆದುಕೊಳ್ಳುತ್ತೇನೆ. ಜೊತೆಗಾರ ಬೇರೆ ಊರಿನ ಸ್ಟುಡಿಯೋದಲ್ಲಿ ಇದ್ದರಂತೂ ಮಾತಿಗೆ ಮಾತು ಡಿಕ್ಕಿ ಹೊಡೆಯುತ್ತದೆ. ಪಕ್ಕದಲ್ಲಿದ್ದರೆ ಮೊಣಕೈ ಮುಟ್ಟಿದರೆ ಸಾಕಿತ್ತು.

ಹಾಗೆ ನೋಡಿದರೆ ಇದು ಹೊಸದಲ್ಲ. 1938ರ ಆಶಸ್ ಟೆಸ್ಟ್ ಸರಣಿ ಇಂಗ್ಲೆಂಡಿನಲ್ಲಿ ನಡೆಯುತ್ತಿದ್ದಾಗ ಆಸ್ಟ್ರೇಲಿಯಾದ ಎಬಿಸಿ ರೇಡಿಯೋದವರು ಸಿಡ್ನಿ ಸ್ಟುಡಿಯೋದಲ್ಲಿ ಕೂತು, ತಂತಿಯಲ್ಲಿ ಬಂದ ಸಂದೇಶ ಓದಿ ಕಾಮೆಂಟರಿ ಹೇಳಿದರು. ಬ್ಯಾಟಿನ ಸದ್ದಿಗೆ ಪೆನ್ಸಿಲಿನಿಂದ ಮರಕ್ಕೆ ಬಡಿಯುತ್ತಿದ್ದರು! ಈಚೆಗೆ 2018ರ ರಷ್ಯಾ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಅಮೆರಿಕದ ಫಾಕ್ಸ್ ಸ್ಪೋರ್ಟ್ಸ್ ಹಲವು ಪಂದ್ಯಗಳ ಕಾಮೆಂಟರಿಯನ್ನು ಲಾಸ್ ಏಂಜಲೀಸಿನಿಂದ ಕೊಟ್ಟಿತು. 2020ರಲ್ಲಿ ಕೊರೋನಾ ಬಂದ ಮೇಲಂತೂ ಈ ಪದ್ಧತಿ ಇನ್ನಷ್ಟು ಬೇರೂರಿತು. ಕಾರಣ ದುಡ್ಡು. ಪ್ರಯಾಣ, ಹೋಟೆಲ್, ಮೈದಾನದಲ್ಲಿ ಜಾಗ, ಎಲ್ಲ ಉಳಿಯುತ್ತದೆ. ಒಬ್ಬನೇ ಒಂದೇ ದಿನ ಎರಡು ಬೇರೆ ದೇಶಗಳಲ್ಲಿ ನಡೆಯುವ ಪಂದ್ಯಗಳಿಗೆ ಕಾಮೆಂಟರಿ ಹೇಳಬಹುದು.

ಇದನ್ನು ಪೂರ್ತಿ ಕೆಟ್ಟದ್ದು ಅನ್ನಲು ನನಗೆ ಮನಸ್ಸಿಲ್ಲ. ನೋಡುಗರು ಕಡಿಮೆ ಇರುವ ಲೀಗುಗಳಿಗೆ, ಚಿಕ್ಕ ಭಾಷೆಗಳಿಗೆ ಸ್ಟುಡಿಯೋ ಇಲ್ಲದಿದ್ದರೆ ಕಾಮೆಂಟರಿಯೇ ಇರುತ್ತಿರಲಿಲ್ಲ. ಆದರೆ ಫೈನಲ್ಲಿಗೂ ಸ್ಟುಡಿಯೋ ಸಾಕು ಅನ್ನುವ ಚಾನೆಲ್ ಆಟಕ್ಕೆ ಬೆಲೆ ಕೊಡುತ್ತಿಲ್ಲ ಅಂತಲೇ ನನ್ನ ಅಭಿಪ್ರಾಯ.

ನೋಡುವಾಗ ಕಂಡುಹಿಡಿಯುವುದು ಹೇಗೆ ಅಂತೀರಾ? ತೆರೆಯ ಮೇಲೆ ಇಲ್ಲದ್ದನ್ನು ಅವರು ಹೇಳುತ್ತಾರಾ ಅಂತ ಗಮನಿಸಿ. ‘ಬೆಂಚಿನ ಹತ್ತಿರ ಹತ್ತನೇ ನಂಬರಿನವನು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಾನೆ’ ಅಂತ ಹೇಳಿ, ಅರ್ಧ ನಿಮಿಷ ಆದಮೇಲೆ ಕ್ಯಾಮೆರಾ ಅಲ್ಲಿಗೆ ಹೋದರೆ, ಅವರು ಮೈದಾನದಲ್ಲೇ ಇದ್ದಾರೆ.