ದುಡ್ಡು ಕೇಳಿದರೆ ಅಲ್ಲಿಗೇ ಬಿಡಿ

ವಿದೇಶದಲ್ಲಿ ಸ್ವಯಂಸೇವೆ ಮಾಡೋ ಬಗ್ಗೆ ಈ ಸಲವೂ ಅದೇ ಪ್ರಶ್ನೆ, ಊರು ಮಾತ್ರ ಬೇರೆ. ಪಾಸ್‌ಪೋರ್ಟ್ ಮಾಡಿಸೋದು ಹೇಗೆ ಅಂತ ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ. ಅಷ್ಟನ್ನು ನೀವೇ ಮಾಡಿಕೊಳ್ಳಿ.

ಪ್ರಶ್ನೆ: ಬಾಗಲಕೋಟೆಯಲ್ಲಿ ತೋಟಗಾರಿಕೆ ಬಿ.ಎಸ್ಸಿ. ಮುಗಿಸಿದ್ದೇನೆ, ವಯಸ್ಸು 24. ಬೆಳಗಾವಿಯ ಕನ್ಸಲ್ಟೆನ್ಸಿಯೊಂದು ಅಮೆರಿಕ ಸರ್ಕಾರದ ಸ್ವಯಂಸೇವಾ ಯೋಜನೆ ಪೀಸ್ ಕೋರ್‌ನಿಂದ ಆಫ್ರಿಕಾಕ್ಕೆ ಕಳಿಸ್ತೀವಿ ಅನ್ನುತ್ತಿದೆ. 85 ಸಾವಿರ ಡಿಪಾಸಿಟ್, ಆಮೇಲೆ ವಾಪಸ್ ಅಂತೆ. ಕಟ್ಟಲಾ? (ಮುಧೋಳದ ಓದುಗ)

ಉತ್ತರ: ಕಟ್ಟಬೇಡಿ. ಪೀಸ್ ಕೋರ್ ಅಮೆರಿಕದ ಪ್ರಜೆಗಳಿಗೆ ಮಾತ್ರ. ಅಧ್ಯಕ್ಷ ಕೆನಡಿ 1961ರಲ್ಲಿ ಶುರು ಮಾಡಿದಾಗಿನಿಂದಲೂ ಹಾಗೇ. 1961ರಿಂದ 1976ರವರೆಗೆ ಅದರವರು ಭಾರತಕ್ಕೂ ಬಂದಿದ್ದರು, ಕೋಳಿ ಸಾಕಣೆಯಂಥ ಕೆಲಸ ಕಲಿಸಿದರು. ಅದಕ್ಕೇ ಹಿರಿಯರನ್ನು ಕೇಳಿದರೆ 'ಹೌದಪಾ, ಆ ಹೆಸರು ಕೇಳೀನಿ' ಅಂತಾರೆ. ಏಜೆಂಟನಿಗೆ ಅಷ್ಟು ಸಾಕು. ಜಪಾನ್ ಕೂಡ 1965ರಿಂದ ಇಂಥ ಯೋಜನೆ ನಡೆಸುತ್ತಿದೆ, ಕಳಿಸೋದು ಜಪಾನಿಗಳನ್ನೇ. ಯಾವ ಸರ್ಕಾರವಾದರೂ ತನ್ನ ಖರ್ಚಿನಲ್ಲಿ ತನ್ನ ಜನರನ್ನೇ ಕಳಿಸುತ್ತೆ, ಅಲ್ವಾ? ನಮ್ಮ ಸರ್ಕಾರದ ಐಟೆಕ್ 1964ರಿಂದ ಇದೆ. ಆದರೆ ಅದು ಹೊರದೇಶದವರಿಗೆ ತರಬೇತಿ ಕೊಡಲು, ನಮ್ಮ ಪರಿಣತರನ್ನು ಕಳಿಸಲು ಇರೋದು. ಹೊಸದಾಗಿ ಡಿಗ್ರಿ ಮುಗಿಸಿದವರಿಗಲ್ಲ.

ನಿಮಗೆ ತೆರೆದಿರೋ ಬಾಗಿಲು ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆ, ಯುಎನ್‌ವಿ. ಕಚೇರಿ ಜರ್ಮನಿಯ ಬಾನ್‌ನಲ್ಲಿದೆ. ಅರ್ಜಿಯನ್ನು ಅವರ ವೆಬ್‌ಸೈಟಿನಲ್ಲಿ ನೀವೇ ಹಾಕಬೇಕು. ಒಂದು ಪೈಸೆಯೂ ಇಲ್ಲ. ಆಯ್ಕೆಯಾದರೆ ಊಟ, ಬಾಡಿಗೆ ಸಾಗುವಷ್ಟು ಭತ್ಯೆ ಅವರೇ ಕೊಡುತ್ತಾರೆ, ವಿಮೆಯನ್ನೂ ಮಾಡಿಸುತ್ತಾರೆ. 18ರಿಂದ 26 ವರ್ಷದವರಿಗೆ ಯುವ ವಿಭಾಗವಿದೆ. ಪರಿಣತರ ವಿಭಾಗಕ್ಕೆ 27 ತುಂಬಿರಬೇಕು, ಜತೆಗೆ ಕನಿಷ್ಠ ಮೂರು ವರ್ಷದ ಅನುಭವ ಬೇಕು.

ನೀವು ಕಳಿಸಿದ 'ಆಫರ್ ಲೆಟರ್' ನೋಡಿದೆ. ಲೋಗೊ ಮಸುಕಾಗಿದೆ, ಝೆರಾಕ್ಸಿನ ಮೇಲೆ ಝೆರಾಕ್ಸ್ ತೆಗೆದ ಹಾಗೆ. ವಿಳಾಸ ಜಿಮೇಲ್‌ದು. ದುಡ್ಡು ಹಾಕಬೇಕಾದದ್ದು ಯಾರದೋ ಸ್ವಂತ ಫೋನ್‌ಪೇಗೆ. ಇಷ್ಟು ಕಂಡಮೇಲೂ 'ಕಟ್ಟಲಾ' ಅಂತ ಕೇಳುತ್ತೀರಲ್ಲ!

ಆ ದುಡ್ಡು ಮನೆಯಲ್ಲೇ ಇರಲಿ. ಎರಡು ಮೂರು ವರ್ಷ ನಿಮ್ಮ ಜಿಲ್ಲೆಯ ತೋಟಗಳಲ್ಲಿ ಕೆಲಸ ಮಾಡಿ. ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದಾಗ ನೀವು ಏನು ಮಾಡಿದಿರಿ, ಎಷ್ಟು ರೈತರ ಹೊಲದಲ್ಲಿ ಡ್ರಿಪ್ ಹಾಕಿಸಿದಿರಿ, ಯಾವುದು ಕೈಕೊಟ್ಟಿತು, ಎಲ್ಲ ಬರೆದಿಡಿ. ಅರ್ಜಿಯಲ್ಲಿ ಓದೋದು ಅದನ್ನೇ. 'ಸಮಾಜಸೇವೆಯಲ್ಲಿ ಆಸಕ್ತಿ' ಅಂತ ಎಲ್ಲರೂ ಬರೆಯುತ್ತಾರೆ. ಅಲ್ಲಿವರೆಗೆ ಯುಎನ್‌ವಿಯಲ್ಲೇ ಆನ್‌ಲೈನ್ ಸ್ವಯಂಸೇವೆಯೂ ಇದೆ, ಮುಧೋಳದಲ್ಲೇ ಕೂತು ಮಾಡಬಹುದು. ಹಣ ಬರಲ್ಲ, ಕೆಲಸ ಕಲಿಯಬಹುದು.

ಪ್ರಶ್ನೆ: ಕನ್ನಡ ಮೀಡಿಯಂನವಳು. ಇಂಗ್ಲಿಷ್ ಅಷ್ಟಕ್ಕಷ್ಟೆ. ಆಗುತ್ತಾ? (ಬಸವನ ಬಾಗೇವಾಡಿ)

ಉತ್ತರ: ಮೀಡಿಯಂ ಯಾರೂ ಕೇಳಲ್ಲ. ವರದಿ ಬರೆಯುವಷ್ಟು ಇಂಗ್ಲಿಷ್ ಬೇಕೇ ಬೇಕು. ಫ್ರೆಂಚ್ ಕಲಿತರೆ ಪಶ್ಚಿಮ ಆಫ್ರಿಕಾದ ಎಷ್ಟೋ ದೇಶಗಳಲ್ಲಿ ಕೆಲಸಕ್ಕೆ ಬರುತ್ತೆ.

ಪ್ರಶ್ನೆ: ಸ್ವಯಂಸೇವೆಗೆ ಹೋದರೆ ಮುಂದೆ ಗ್ರೀನ್ ಕಾರ್ಡ್ ಸಿಗುತ್ತಾ? (ವಿಜಯಪುರ)

ಉತ್ತರ: ಇಲ್ಲ.

ಪ್ರಶ್ನೆ: ಆಫ್ರಿಕಾದ ಕೆಲವು ದೇಶಗಳಿಗೆ ಹೋಗಲು ಕೇಳೋ ಹಳದಿ ಜ್ವರದ ಸರ್ಟಿಫಿಕೇಟನ್ನು ಇಂಜೆಕ್ಷನ್ ಇಲ್ಲದೇ ಮಾಡಿಸಿಕೊಡುತ್ತಾರಂತೆ. ತಗೊಳ್ಳಬಹುದಾ? (ಗೋಕಾಕ)

ಉತ್ತರ: ಮಾಡಿಕೊಡೋನು ಕಳ್ಳ, ತಗೊಳ್ಳೋನು ಅವನ ಪಾಲುದಾರ. ಆ ಜ್ವರಕ್ಕೆ ಔಷಧಿಯೇ ಇಲ್ಲ, ಲಸಿಕೆಯೊಂದೇ ದಾರಿ. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಹಾಕಿಸಿದ ಹತ್ತು ದಿನದ ಮೇಲಷ್ಟೇ ಸರ್ಟಿಫಿಕೇಟಿಗೆ ಬೆಲೆ, ಟಿಕೆಟ್ ತೆಗೆಯುವ ಮೊದಲು ಲೆಕ್ಕ ಹಾಕಿ. ಆಮೇಲೆ ಅದು ಜೀವಮಾನಕ್ಕೆ ಸಾಕು.

ಪ್ರಶ್ನೆ: ಏಜೆಂಟ್ ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾನೆ. ಹತ್ತು ಸಾವಿರ ಯುಪಿಐನಲ್ಲಿ ಕೊಟ್ಟಿದ್ದೇನೆ. (ಖಾನಾಪುರ)

ಉತ್ತರ: ನನಗೆ ಬರೆಯುತ್ತಾ ಕೂರಬೇಡಿ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಯುಪಿಐ ರಸೀದಿಯ ಪ್ರಿಂಟ್ ತಗೊಂಡು ಇವತ್ತೇ ಠಾಣೆಗೆ ಹೋಗಿ ದೂರು ಕೊಡಿ.