ಸೈಬರ್ ಭದ್ರತೆ ಓದುವವರು ಕೋಡಿಂಗನ್ನು ಎಲ್ಲಿಂದ ಆರಂಭಿಸಬೇಕು?

ಗದಗಿನಿಂದ ಹುಬ್ಬಳ್ಳಿಗೆ ದಿನವೂ ರೈಲಿನಲ್ಲಿ ಓಡಾಡಿ ಸೈಬರ್ ಭದ್ರತೆ ಓದುತ್ತಿರುವ ನೀವು, ಪಾಠ ಕೇಳುವಾಗ ಎಲ್ಲವೂ ತಿಳಿದಂತಾಗುತ್ತದೆ, ಕೋಡ್ ಬರೆಯಲು ಕುಳಿತರೆ ಒಂದು ಸಾಲೂ ಹೊಳೆಯುವುದಿಲ್ಲ, ಕೋರ್ಸನ್ನೇ ಬಿಡಬೇಕೇ ಎಂದು ಕೇಳಿದ್ದೀರಿ. ಬಿಡಬೇಡಿ. ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಸರ್ವರ್‌ಗಳ ಭದ್ರತೆ ನೋಡಿಕೊಳ್ಳುವ ನಾನು ಹೊಸಬರಿಗೆ ಕೆಲಸ ಕಲಿಸುವಾಗ ಕಂಡದ್ದೇನೆಂದರೆ, ಅವಿಭಾಜ್ಯ ಸಂಖ್ಯೆ, ಫಿಬೊನಾಚಿ ಸರಣಿಗಳ ಲೆಕ್ಕದಲ್ಲಿ ಕೈಚೆಲ್ಲಿದವರೂ ತಮ್ಮ ವಿಷಯಕ್ಕೆ ಸೇರಿದ ನಿಜವಾದ ಪ್ರಶ್ನೆಯೊಂದು ಸಿಕ್ಕಾಗ ತಾವಾಗಿಯೇ ಬರೆಯತೊಡಗುತ್ತಾರೆ.

ಅಂಥದೊಂದು ಪ್ರಶ್ನೆ: ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಇರುವ ನಿಮ್ಮ ಯಂತ್ರಕ್ಕೆ ತಪ್ಪು ಪಾಸ್‌ವರ್ಡ್ ಹಾಕಿ ನುಗ್ಗಲು ಯತ್ನಿಸಿದ್ದು ಯಾವ ಐಪಿ ವಿಳಾಸದಿಂದ, ಎಷ್ಟು ಸಲ? ಪೈಥಾನ್‌ನಲ್ಲಿ ಲಾಗಿನ್ ಲಾಗ್ ಕಡತವನ್ನು (ಒಳಬರಲು ನಡೆದ ಪ್ರಯತ್ನಗಳ ದಾಖಲೆಯನ್ನು) ತೆರೆದು, ‘ಫೇಲ್ಡ್ ಪಾಸ್‌ವರ್ಡ್’ ಎಂದಿರುವ ಸಾಲುಗಳನ್ನು ಮಾತ್ರ ಆರಿಸಿ, ‘ಫ್ರಮ್’ ಪದದ ಮುಂದಿರುವ ವಿಳಾಸವನ್ನು ತೆಗೆದು, ಡಿಕ್ಷನರಿಯಲ್ಲಿ, ಅಂದರೆ ಪ್ರತಿ ವಿಳಾಸದ ಎದುರು ಒಂದು ಸಂಖ್ಯೆ ಇಡುವ ಪಟ್ಟಿಯಲ್ಲಿ, ಎಣಿಕೆ ಹಾಕಬೇಕು. ಲೂಪ್, ಇಫ್, ಸ್ಟ್ರಿಂಗ್ ಎಲ್ಲವೂ ಇದರಲ್ಲೇ ಬಂದುಹೋಗುತ್ತವೆ. ವಿಳಾಸವು ಸಾಲಿನ ಇಂತಿಷ್ಟನೆಯ ಪದ ಎಂದು ಎಣಿಸಿ ಬರೆದರೆ, ಇಲ್ಲದ ಬಳಕೆದಾರನ ಹೆಸರು ಬಂದಲ್ಲಿ ‘ಇನ್‌ವ್ಯಾಲಿಡ್ ಯೂಸರ್’ ಎಂಬ ಎರಡು ಪದ ಹೆಚ್ಚಾಗಿ ಲೆಕ್ಕ ತಪ್ಪುತ್ತದೆ. ಇನ್ನೊಂದು ಹೆಜ್ಜೆ ಮುಂದೆ ಯೋಚಿಸಿ: ಬಳಕೆದಾರನ ಹೆಸರನ್ನು ಕೊಡುವವನು ದಾಳಿಕೋರನೇ ಆದ್ದರಿಂದ, ಆ ಹೆಸರಿನೊಳಗೇ ‘ಫ್ರಮ್’ ಎಂದು ಬರೆದು ಬೇರೆಯವರ ವಿಳಾಸ ಸೇರಿಸಿದರೆ ನಿಮ್ಮ ಪ್ರೋಗ್ರಾಂ ನಿರಪರಾಧಿಯನ್ನು ಹಿಡಿಯುತ್ತದೆ. ಹೀಗಾಗಿ ಸಾಲಿನ ಕೊನೆಯ ‘ಫ್ರಮ್’ ಅನ್ನೇ ಹುಡುಕಬೇಕು. ಹೊರಗಿನಿಂದ ಬಂದ ಅಕ್ಷರವನ್ನು ಪರೀಕ್ಷಿಸದೆ ನಂಬಬಾರದೆಂಬುದನ್ನು ಇಷ್ಟು ಚೆನ್ನಾಗಿ ಕಲಿಸುವ ಅಭ್ಯಾಸ ಬೇರೆ ಸಿಗುವುದು ಕಷ್ಟ.

ಲಾಗ್ ತುಂಬಿಸಲು, ಒಂದೇ ಕಂಪ್ಯೂಟರಿನೊಳಗೆ ಬೇರೆ ಯಂತ್ರಗಳನ್ನು ನಡೆಸುವ ವರ್ಚುವಲ್‌ಬಾಕ್ಸ್ ತಂತ್ರಾಂಶದಲ್ಲಿ ಎರಡು ಯಂತ್ರ ಮಾಡಿಕೊಂಡು ಒಂದರಿಂದ ಇನ್ನೊಂದಕ್ಕೆ ಪ್ರಯತ್ನಿಸಿ. ಕಾಲೇಜಿನ ಸರ್ವರ್ ಮುಟ್ಟಲೇಬೇಡಿ; ದುರುದ್ದೇಶದಿಂದ ಅನುಮತಿಯಿಲ್ಲದೆ ಪರರ ಕಂಪ್ಯೂಟರ್ ಹೊಕ್ಕರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನ ಪ್ರಕಾರ 3 ವರ್ಷಗಳವರೆಗೆ ಸೆರೆವಾಸ ಆಗಬಹುದು.

ದೋಷಸಂದೇಶ ಬಂದಾಗ ಗಾಬರಿಯಾಗಿ ಬರೆದದ್ದನ್ನೆಲ್ಲ ಅಳಿಸಬೇಡಿ. ಪೈಥಾನ್ ಸಂದೇಶವನ್ನು ಕೆಳಗಿನ ಸಾಲಿನಿಂದ ಓದಬೇಕು. ತಪ್ಪಿನ ಬಗೆ ಅಲ್ಲಿಯೇ ಇರುತ್ತದೆ, ಅದರ ಮೇಲೆ ಸಾಲಿನ ಸಂಖ್ಯೆ. ರೈಲಿನ ಸಮಯವೂ ವ್ಯರ್ಥವಾಗಬೇಕಿಲ್ಲ. ಬೇರೆಯವರ ಚಿಕ್ಕ ಪ್ರೋಗ್ರಾಂ ಒಂದನ್ನು ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡು, ಲೂಪಿನ ಪ್ರತಿ ಸುತ್ತಿನಲ್ಲಿ ವೇರಿಯೇಬಲ್‌ಗಳ ಬೆಲೆ ಏನಾಗುತ್ತದೆಂದು ಪೆನ್ಸಿಲ್ ಹಿಡಿದು ಬರೆಯುತ್ತ ಹೋಗಿ. ಓದಲು ಬಾರದ ಕೋಡನ್ನು ಯಾರಿಗೂ ಬರೆಯಲು ಬರುವುದಿಲ್ಲ.

ಸಿ ಭಾಷೆ ಆಮೇಲೆ ಬರಲಿ, ಆದರೆ ಬರಲೇಬೇಕು. 1988ರ ನವೆಂಬರ್‌ನಲ್ಲಿ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನಾಗಿಯೇ ಹಬ್ಬುವ ಮೋರಿಸ್ ವರ್ಮ್ ಎಂಬ ಪ್ರೋಗ್ರಾಂ ಹರಡಿದ ದಾರಿಗಳಲ್ಲಿ ಒಂದು, ಬಳಕೆದಾರರ ವಿವರ ತಿಳಿಸುವ ಫಿಂಗರ್ ಸೇವೆಯ ಪ್ರೋಗ್ರಾಂ 512 ಬೈಟ್‌ಗಳ ಜಾಗಕ್ಕೆ, ಸಾಲನ್ನು ಓದಿಕೊಳ್ಳುವ ಸಿ ಭಾಷೆಯ ‘ಗೆಟ್ಸ್’ ಫಂಕ್ಷನ್ ಮೂಲಕ ಅಳತೆ ನೋಡದೆ ತುಂಬಿಸಿಕೊಳ್ಳುತ್ತಿದ್ದುದು. ಆ ‘ಗೆಟ್ಸ್’ ಅನ್ನು ಸಿ ಭಾಷೆಯ 2011ರ ಮಾನದಂಡದಿಂದ ತೆಗೆದುಹಾಕಲಾಯಿತು. ಇದನ್ನು ಕಣ್ಣಾರೆ ಕಾಣಲು, ಒಂದು ಸ್ಟ್ರಕ್ಟ್‌ನಲ್ಲಿ (ಹಲವು ವೇರಿಯೇಬಲ್‌ಗಳನ್ನು ಒಟ್ಟಿಗೆ ಇಡುವ ಕಟ್ಟಿನಲ್ಲಿ) ಅಕ್ಷರಗಳಿಗಾಗಿ 16 ಬೈಟ್‌ಗಳ ಅರೇ, ಅಂದರೆ ಸಾಲುಜಾಗ, ಅದರ ಪಕ್ಕದಲ್ಲಿ ಒಂದು ಪೂರ್ಣಾಂಕ ಇಟ್ಟು, ಅರೇಗೆ ‘ಹುಬ್ಬಳ್ಳಿ’ ಎಂದು ಕನ್ನಡದಲ್ಲಿಯೇ ಅಳತೆ ನೋಡದೆ ತುಂಬಿಸಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಆ ಹೆಸರು 27 ಬೈಟ್ ತೆಗೆದುಕೊಳ್ಳುತ್ತದೆ; 16ರಲ್ಲಿ ಹಿಡಿಸದ್ದು ಪಕ್ಕದ ಪೂರ್ಣಾಂಕದ ಜಾಗಕ್ಕೆ ಹರಿಯುತ್ತದೆ.