ಮನೆಯಿಂದ ನಡೆಸುವ ವ್ಯಾಪಾರಕ್ಕೆ ಸ್ಥಳೀಯ ಪತ್ರಿಕೆಯಲ್ಲಿ ಜಾಹೀರಾತು ಕೊಡಬಹುದೇ?

ಮನೆಯಿಂದಲೇ ಮಾರಾಟ ಮಾಡುತ್ತೀರಿ, ಪರಿಚಯದವರ ಪಟ್ಟಿ ಮುಗಿದಿದೆ, ಊರಿನ ಪತ್ರಿಕೆಯಲ್ಲಿ ದೊಡ್ಡದಾಗಿ ಒಂದು ಜಾಹೀರಾತು ಹಾಕಿಸಿದರೆ ಹೇಗೆ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ ನನ್ನ ಆ ಭಾನುವಾರ ಬೆಳಗ್ಗೆ ಕಣ್ಣ ಮುಂದೆ ಬಂದು ನಿಂತಿತು.

ನನ್ನದು ಕಿಟಕಿ ಪರದೆ, ಹಾಸಿಗೆ ಹೊದಿಕೆ, ದಿಂಬಿನ ಕವರ್. ಸಗಟಿನಲ್ಲಿ ಬಟ್ಟೆ ತಂದು, ಮನೆಮನೆಗೆ ಹೋಗಿ ಅಳತೆ ತೆಗೆದು, ಹೊಲಿದು ಕೊಡುತ್ತಿದ್ದೆ. ಒಂದು ಹೊಲಿಗೆ ಯಂತ್ರ, ಒಂದು ಫೋನು, ನಾನೊಬ್ಬಳು. ಎರಡು ವರ್ಷ ಬಾಯಿಂದ ಬಾಯಿಗೆ ಹೇಗೋ ನಡೆಯಿತು. ಆಮೇಲೆ ಒಂದು ತಿಂಗಳು ಬರೀ ಮೂರು ಆರ್ಡರ್. ಗಾಬರಿಯಾಯಿತು. ಪತ್ರಿಕೆಯ ಜಾಹೀರಾತು ವಿಭಾಗದವರು ರೇಟ್ ಕಾರ್ಡ್ ಹಿಡಿದು ಬಂದಾಗ ಅವರು ಹೇಳಿದ ಪ್ರತಿಗಳ ಸಂಖ್ಯೆ ಕೇಳಿಯೇ ಮನಸ್ಸು ಹಾರಿತು. ಅಷ್ಟು ಮನೆಗಳಲ್ಲಿ ನೂರಕ್ಕೆ ಒಬ್ಬರು ಕರೆದರೂ ಸಾಕಲ್ಲ! ಕೂಡಿಟ್ಟಿದ್ದ ಹಣವನ್ನೆಲ್ಲ ಹಾಕಿ ಭಾನುವಾರದ ಪುರವಣಿಯಲ್ಲಿ ಕಾಲು ಪುಟ ತೆಗೆದುಕೊಂಡೆ. ಬಣ್ಣದ ಫೋಟೋ, ಮೇಲೆ 'ಎಲ್ಲ ಬಗೆಯ ಪರದೆಗಳು, ಉತ್ತಮ ಗುಣಮಟ್ಟ', ಕೆಳಗೆ ದಪ್ಪಕ್ಷರದಲ್ಲಿ ನನ್ನ ನಂಬರು.

ಮೊದಲ ಕರೆ ಬೆಳಗ್ಗೆ 6.20ಕ್ಕೆ ಬಂತು. ಖುಷಿಯಿಂದ ಎತ್ತಿದೆ. ಅವರ ಹತ್ತಿರ ಕಿಟಕಿಯ ಅಗಲ, ಒಳಪದರ ಬೇಕೇ, ರಿಂಗ್ ಹಾಕಬೇಕೇ ಸರಳಿಗೆ ಪೋಣಿಸುವ ಹಾಗೆ ಬೇಕೇ ಎಂದು ಮಾತಾಡುತ್ತಿರುವಾಗಲೇ ಕಿವಿಯಲ್ಲಿ ಇನ್ನೊಂದು ಕರೆಯ ಟಿಕ್ ಟಿಕ್. ಅದನ್ನು ಎತ್ತುವಷ್ಟರಲ್ಲಿ ಅದು ಕಟ್ಟಾಗಿ ಮೂರನೆಯದು. ನೋಟ್‌ಬುಕ್‌ನಲ್ಲಿ ನಂಬರು ಬರೆದುಕೊಳ್ಳುತ್ತಾ ಹೋದೆ, ಹೆಸರು ಕೇಳುವಷ್ಟು ಪುರುಸೊತ್ತಿಲ್ಲ. ಆ ಪುಟ ಇವತ್ತಿಗೂ ನನ್ನ ಹತ್ತಿರ ಇದೆ. ಎಡಗಡೆ ನಂಬರುಗಳ ಸಾಲು, ಬಲಗಡೆ ಪೂರ್ತಿ ಖಾಲಿ. ಹತ್ತೂವರೆಯ ಹೊತ್ತಿಗೆ ನಾನು ಮಾತಾಡಿದ್ದು 19 ಜನರ ಜೊತೆ, ತಪ್ಪಿಹೋದ ಕರೆಗಳು 43. ಮಧ್ಯಾಹ್ನದ ಮೇಲೆ ಫೋನ್ ತಣ್ಣಗಾಯಿತು. ಸೋಮವಾರ ಬಂದದ್ದು ಎರಡು ಕರೆ. ಮಂಗಳವಾರ ಒಂದೂ ಇಲ್ಲ.

ಆ 43 ನಂಬರುಗಳಿಗೆ ಎರಡು ದಿನ ಕೂತು ಒಂದೊಂದಾಗಿ ಕರೆದೆ. ಕೆಲವರು ಎತ್ತಲಿಲ್ಲ. ಕೆಲವರು "ಯಾವ ಜಾಹೀರಾತು?" ಅಂದರು. ಒಬ್ಬರಂತೂ ತುಂಬ ಸಮಾಧಾನದಿಂದಲೇ ಹೇಳಿದರು, "ನೀವು ಎತ್ತಲಿಲ್ಲವಲ್ಲಮ್ಮ, ಅವತ್ತೇ ಬೇರೆ ಕಡೆ ಹೇಳಿಬಿಟ್ಟೆ."

ಈ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ತುಂಬ ದಿನ ನನಗೇ ಅದು ಅರ್ಥವಾಗಿರಲಿಲ್ಲ. ಫೋಟೋ ಚೆನ್ನಾಗಿರಲಿಲ್ಲ ಎಂದುಕೊಂಡಿದ್ದೆ. ಅದೂ ನಿಜವೇ. ಪತ್ರಿಕೆಯ ಕಾಗದ ಮಸಿಯನ್ನು ಹೀರಿಕೊಳ್ಳುತ್ತದೆ, ಚುಕ್ಕೆಗಳು ಹರಡಿ ಗಾಢ ಬಣ್ಣಗಳು ಮಂಕಾಗುತ್ತವೆ; ನನ್ನ ಕಡುಗೆಂಪು ಪರದೆ ಕೆಸರಿನ ಬಣ್ಣದಲ್ಲಿ ಬಂದಿತ್ತು. ಆದರೆ ಫೋಟೋ ಕೆಟ್ಟದಾಗಿದ್ದರೂ ಜನ ಕರೆದರಲ್ಲ! ಹಾಗಾದರೆ ಎಡವಿದ್ದು ಅಲ್ಲಲ್ಲ.

ದಿನಪತ್ರಿಕೆಯ ಆಯುಸ್ಸು ಒಂದು ಬೆಳಗ್ಗೆ. ಓದುವವರೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಓದುತ್ತಾರೆ, ಕರೆಯುವವರೂ ಅದೇ ಹೊತ್ತಿನಲ್ಲಿ ಕರೆಯುತ್ತಾರೆ. ನನ್ನ ಸಾಮಾನಿಗೆ ಒಂದು ಕರೆ ಎಂದರೆ ಹತ್ತು ನಿಮಿಷದ ಮಾತು. ಗಂಟೆಗೆ ಆರು ಜನ, ನಾಲ್ಕು ಗಂಟೆಗೆ 24. ಉಸಿರು ತೆಗೆದುಕೊಳ್ಳದೆ ಮಾತಾಡಿದ್ದರೂ ಅದಕ್ಕಿಂತ ಹೆಚ್ಚು ಜನರನ್ನು ಮುಟ್ಟಲು ನನ್ನಿಂದ ಸಾಧ್ಯವೇ ಇರಲಿಲ್ಲ. ಅಂದರೆ ಕಾಲು ಪುಟಕ್ಕೆ ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು, ಪತ್ರಿಕೆ ಅಚ್ಚಾಗುವ ಮೊದಲೇ ಹೊಳೆಯಲ್ಲಿ ಹುಣಸೆ ತೊಳೆದಂತೆ ಆಗಿತ್ತು. ಅಂಗಡಿಯಾದರೆ ಹಾಗಲ್ಲ. ಜಾಹೀರಾತು ನೋಡಿದವನು ನಾಳೆಯೋ ಮುಂದಿನ ವಾರವೋ ಆ ದಾರಿಯಲ್ಲಿ ಹೋಗುವಾಗ ಬೋರ್ಡು ನೋಡಿ ನೆನಪಿಸಿಕೊಂಡು ಒಳಗೆ ಬರುತ್ತಾನೆ. ನಮ್ಮ ಮನೆಗೆ ಬೋರ್ಡಿಲ್ಲ. ಆ ಕ್ಷಣ ಫೋನ್ ಎತ್ತದಿದ್ದರೆ ನಾವು ಅವರ ಪಾಲಿಗೆ ಇಲ್ಲವೇ ಇಲ್ಲ.

ಕೊನೆಗೆ ಸಿಕ್ಕಿದ್ದು 7 ಆರ್ಡರ್. ಖರ್ಚು ಹುಟ್ಟಬೇಕಾದರೆ 22 ಬೇಕಿತ್ತು. ಆ ಏಳೂ ಊರಿನ ಏಳು ಮೂಲೆಗಳಲ್ಲಿ. ಅಳತೆಗೆ ಓಡಾಡಿ, ನನ್ನ ಹಳೆಯ ಗಿರಾಕಿಯೊಬ್ಬರಿಗೆ ಹೇಳಿದ ದಿನಕ್ಕೆ ಹೊದಿಕೆ ಕೊಡಲಾಗಲಿಲ್ಲ. ಆ ಭಾನುವಾರ ಅವರೂ ಕರೆದಿದ್ದರಂತೆ, ತಪ್ಪಿದ 43ರಲ್ಲಿ ಅವರ ನಂಬರೂ ಇತ್ತು. ಗಡಿಬಿಡಿಯಲ್ಲಿ ನಾನು ಗುರುತಿಸಲೇ ಇಲ್ಲ. ಅವರು ಮತ್ತೆ ಬರಲಿಲ್ಲ. ನನಗೆ ಮೊದಲ ಹತ್ತು ಮನೆಗಳನ್ನು ಪರಿಚಯಿಸಿದ್ದು ಅವರೇ. ಹೋದ ಹಣ ಒಂದು ವರ್ಷದಲ್ಲಿ ತುಂಬಿಕೊಂಡಿತು, ಇದು ತುಂಬಿಕೊಳ್ಳಲಿಲ್ಲ.

ಆದ್ದರಿಂದ 'ಪತ್ರಿಕೆ ನನ್ನ ವ್ಯಾಪಾರಕ್ಕೆ ಸೂಕ್ತವೇ' ಎನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೆಚ್ಚು ಜನಕ್ಕೆ ಗೊತ್ತಾದರೆ ಹೆಚ್ಚು ವ್ಯಾಪಾರ ಎಂದು ನೀವು ಅಂದುಕೊಂಡಿದ್ದೀರಿ. ಒಬ್ಬರೇ ನಡೆಸುವ ವ್ಯಾಪಾರಕ್ಕೆ ಬೇಕಾಗಿರುವುದು ಹತ್ತಿರದ, ಮತ್ತೆ ಮತ್ತೆ ಕೊಳ್ಳುವ ಕೆಲವೇ ಜನ, ಅದೂ ವಾರಕ್ಕೆ ಇಷ್ಟಿಷ್ಟೇ. ವಾರಕ್ಕೆ ಎಷ್ಟು ಹೊಸಬರನ್ನು ಚೆನ್ನಾಗಿ ನೋಡಿಕೊಳ್ಳಬಲ್ಲೆ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ನನ್ನ ಉತ್ತರ 4. ನಾಲ್ಕು ಜನರಿಗಾಗಿ ಕಾಲು ಪುಟ ಯಾರಾದರೂ ಕೊಳ್ಳುತ್ತಾರೆಯೇ?

ಎಂಟು ತಿಂಗಳ ನಂತರ ಅದೇ ಪತ್ರಿಕೆಗೆ ಮತ್ತೆ ಹೋದೆ. ಈ ಸಲ ವರ್ಗೀಕೃತ ಅಂಕಣದಲ್ಲಿ ಮೂರೇ ಸಾಲು, ಫೋಟೋ ಇಲ್ಲ, ಪ್ರತಿ ಬುಧವಾರ, ಆರು ವಾರ. ಪರದೆಯ ಮಾತೇ ಎತ್ತಲಿಲ್ಲ. ಅಳತೆ ಬೇಡದ ಒಂದೇ ವಸ್ತು: ಡಬಲ್ ಮಂಚದ ಹೊದಿಕೆ, ಎರಡು ದಿಂಬಿನ ಕವರ್ ಸೇರಿದ ಸೆಟ್. 'ಬುಧವಾರದ ಸೆಟ್ ಎಂದು ಕೇಳಿ. ಕರೆ ಸಂಜೆ 4ರಿಂದ 7.' ಆ ಹೆಸರನ್ನು ಬೇರೆಲ್ಲೂ ಬಳಸಿರಲಿಲ್ಲ, ಹಾಗಾಗಿ ಯಾರು ಜಾಹೀರಾತು ನೋಡಿ ಬಂದವರು ಎಂದು ಕೇಳದೆಯೇ ತಿಳಿಯುತ್ತಿತ್ತು. ಎರಡು ಪತ್ರಿಕೆಗೆ ಕೊಡುವುದಾದರೆ ಎರಡು ಬೇರೆ ಹೆಸರು ಇಡಿ. ಇಷ್ಟು ಮಾಡದಿದ್ದರೆ ಯಾವುದು ದುಡಿಯಿತು ಎಂದು ಯಾವತ್ತೂ ಗೊತ್ತಾಗುವುದಿಲ್ಲ.

ಮೊದಲ ವಾರ ಒಂದು ಕರೆ, ಎರಡನೇ ವಾರ ಒಂದೂ ಇಲ್ಲ. ನಿಲ್ಲಿಸಿಬಿಡೋಣ ಅನ್ನಿಸಿತ್ತು. ನಾಲ್ಕನೇ ವಾರ ಒಬ್ಬರು ಕರೆದು, "ಪ್ರತಿ ಬುಧವಾರ ನೋಡ್ತಾನೇ ಇದ್ದೆ, ಇವತ್ತು ಕೇಳೇಬಿಡೋಣ ಅಂತ" ಎಂದರು. ಪರಿಚಯವಿಲ್ಲದ ಮನೆಯಿಂದ ಕೊಳ್ಳಲು ಜನರಿಗೆ ಧೈರ್ಯ ಬರಬೇಕು, ಅದಕ್ಕೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳಬೇಕು. ಆರು ವಾರದಲ್ಲಿ 11 ಸೆಟ್ ಹೋಯಿತು. ಖರ್ಚು ಹುಟ್ಟಲು 5 ಸಾಕಿತ್ತು. ಆ ಹನ್ನೊಂದರಲ್ಲಿ ನಾಲ್ಕು ಮನೆಯವರು ಮುಂದೆ ಪರದೆಯನ್ನೂ ಹೊಲಿಸಿದರು.

ಈ 5, 22 ಎನ್ನುವ ಲೆಕ್ಕ ಕಷ್ಟದ್ದಲ್ಲ. ಜಾಹೀರಾತಿನ ಒಟ್ಟು ಖರ್ಚನ್ನು ಒಂದು ಆರ್ಡರ್‌ನಲ್ಲಿ ನಿಮ್ಮ ಕೈಯಲ್ಲಿ ಉಳಿಯುವ ಹಣದಿಂದ ಭಾಗಿಸಿ. ಮಾರಾಟದ ಬೆಲೆಯಿಂದಲ್ಲ, ಉಳಿಯುವ ಹಣದಿಂದ: ಬಟ್ಟೆ, ದಾರ, ಓಡಾಟ ಎಲ್ಲ ಕಳೆದ ಮೇಲೆ. ಬಂದ ಸಂಖ್ಯೆ ನೀವು ಆ ಅವಧಿಯಲ್ಲಿ ಮಾಡಿ ಕೊಡಬಹುದಾದ ಆರ್ಡರ್‌ಗಿಂತ ದೊಡ್ಡದಾಗಿದ್ದರೆ ಆ ಜಾಹೀರಾತು ಬೇಡವೇ ಬೇಡ, ಎಷ್ಟೇ ರಿಯಾಯಿತಿ ಕೊಟ್ಟರೂ.

ರಿಯಾಯಿತಿ ಕೊಟ್ಟೇ ಕೊಡುತ್ತಾರೆ. ಹೆಚ್ಚು ಸಲ ಹಾಕಿಸಿದರೆ ದರ ಇಳಿಯುವುದು ಪತ್ರಿಕೆಗಳಲ್ಲಿ ಮಾಮೂಲು. ಆದರೂ ಮೊದಲ ಸಲವೇ ವರ್ಷದ ಒಪ್ಪಂದಕ್ಕೆ ಸಹಿ ಹಾಕಬೇಡಿ. ಮಧ್ಯೆ ಸಾಲುಗಳನ್ನು ಬದಲಾಯಿಸಬಹುದೇ ಎಂದು ಕೇಳಿ. ಅವರು ಹೇಳುವ ಪ್ರಸಾರ ಸಂಖ್ಯೆಯನ್ನು, ಅಂದರೆ ಎಷ್ಟು ಪ್ರತಿ ಹೋಗುತ್ತದೆ ಎನ್ನುವುದನ್ನು, ಹೊರಗಿನ ಸಂಸ್ಥೆ ಪರಿಶೀಲಿಸಿದೆಯೇ ಎಂದೂ ಕೇಳಿ. ಪ್ರತಿಗಳ ಸಂಖ್ಯೆ ಬೇರೆ, ಓದುಗರ ಸಂಖ್ಯೆ ಬೇರೆ, ಮಾತಿನಲ್ಲಿ ಎರಡನ್ನೂ ಕಲಸಿಬಿಡುತ್ತಾರೆ. ಅಚ್ಚಿಗೆ ಮೊದಲು ತೋರಿಸುವ ಮಾದರಿ ಪ್ರತಿ (ಪ್ರೂಫ್) ಬಂದಾಗ ಅದರಲ್ಲಿರುವ ನಂಬರಿಗೆ ನೀವೇ ಬೇರೆ ಫೋನಿನಿಂದ ಕರೆ ಮಾಡಿ ನೋಡಿ.

ನಿಮ್ಮ ವ್ಯಾಪಾರ ಯಾವುದಾದರೂ ಕಂಪನಿಯ ಸಾಮಾನನ್ನು ನೇರ ಮಾರಾಟ ಮಾಡುವುದಾದರೆ ಅವರ ನಿಯಮ ಓದಿ. ಇಂಥ ಎಷ್ಟೋ ಕಂಪನಿಗಳು ತಮ್ಮ ಹೆಸರು, ಲಾಂಛನ ಬಳಸುವ ಮೊದಲು ಒಪ್ಪಿಗೆ ಕೇಳುತ್ತವೆ. 'ಮನೆಯಲ್ಲೇ ಕೂತು ಗಳಿಸಿ' ಎನ್ನುವ ಸಾಲುಗಳ ಪಕ್ಕವಂತೂ ನಿಮ್ಮದು ಬರದಿರಲಿ. ಮೋಸ ಹೋದವರು ಆ ಅಂಕಣವನ್ನೇ ನಂಬುವುದಿಲ್ಲ.

ಇನ್ನು ಪತ್ರಿಕೆಯ ಒಳಗಿಟ್ಟು ಹಂಚುವ ಕರಪತ್ರ. ನಮ್ಮಂಥವರಿಗೆ ಅಚ್ಚಾದ ಜಾಹೀರಾತಿಗಿಂತ ಇದೇ ಮೇಲು ಎಂದು ನನ್ನ ಖಚಿತ ಅಭಿಪ್ರಾಯ. ಹಂಚುವವರ ಹತ್ತಿರ ಮಾತಾಡಿದರೆ ಈ ವಾರ ಎರಡು ಬೀದಿ, ಮುಂದಿನ ವಾರ ಇನ್ನೆರಡು ಎಂದು ಮಾಡಿಸಬಹುದು. ಎಷ್ಟು ಜನ ಕರೆಯಬೇಕು ಎನ್ನುವುದು ಆಗ ನಮ್ಮ ಕೈಯಲ್ಲಿರುತ್ತದೆ, ಅಳತೆಗೂ ಒಂದೇ ದಿಕ್ಕಿಗೆ ಹೋದರಾಯಿತು. ನಾನು ಈಗ ಮಾಡುತ್ತಿರುವುದು ಹೆಚ್ಚಾಗಿ ಇದನ್ನೇ.

ಮನೆ ವಿಳಾಸ ಹಾಕಬೇಕೇ ಎಂದೂ ಕೊನೆಯಲ್ಲಿ ಕೇಳಿದ್ದೀರಿ. ಬೇಡ. ಆ ಕಾಲು ಪುಟದಲ್ಲಿ ನಾನು ಹಾಕಿದ್ದೆ. ಅದೇ ದಿನ ರಾತ್ರಿ ಒಂಬತ್ತಕ್ಕೆ ಗೊತ್ತಿಲ್ಲದ ಇಬ್ಬರು ಬಾಗಿಲು ತಟ್ಟಿ, ಬಟ್ಟೆ ನೋಡಬೇಕು ಎಂದು ನಿಂತರು. ಒಳ್ಳೆಯವರೇ ಇದ್ದರು, ನೋಡಿ ಹೋದರು. ಆದರೆ ಮಗಳು ಕೋಣೆಯ ಬಾಗಿಲ ಹಿಂದೆ ನಿಂತು, ಅವರು ಹೋಗುವವರೆಗೂ ಹೊರಗೆ ಬರಲಿಲ್ಲ. ಬಡಾವಣೆಯ ಹೆಸರು, ಫೋನ್ ನಂಬರು, ಕರೆಯುವ ವೇಳೆ ಇಷ್ಟೇ ಹಾಕಿ. ಆರ್ಡರ್ ಖಚಿತವಾದ ಮೇಲೆ ವಿಳಾಸ ಕೊಟ್ಟರೆ ಸಾಕು.